ಕೆಂಪಿಯ ಎಡ ಹಿಂಗಾಲು

ಜನವರಿ ತಿಂಗಳ ಕೊನೆಯ ವಾರ, ಬೆಳಿಗ್ಗೆ ಏಳೂವರೆಗೆ ವಸ್ತಾರೆ ಕಡೆಯಿಂದ ಫೋನ್ ಬಂತು. “ದನ ಚರಂಡಿಗೆ ಜಾರಿ ಬಿದ್ದಿದೆ ಡಾಕ್ಟ್ರೇ. ಹಿಂದಿನ ಕಾಲು ಊರ್ತಾನೇ ಇಲ್ಲ. ಬೇಗ ಬನ್ನಿ.” ಮಾತಾಡಿದ ಗಂಡಸಿನ ದನಿ ನಡುಗುತ್ತಿತ್ತು. ಕಾಫಿ ಕುಯ್ಲಿನ ಸಮಯದಲ್ಲಿ ನಮ್ಮ ಕಡೆಯ ಬೆಳೆಗಾರರು ಮೋಡ ಕಂಡರೆ ನಡುಗುತ್ತಾರೆಯೇ ಹೊರತು ದನ ಬಿದ್ದರೆ ಅಷ್ಟು ನಡುಗುವುದಿಲ್ಲ. ಆಗಲೇ ನನಗೆ ಅದು ಸ್ವಲ್ಪ ವಿಚಿತ್ರವೆನಿಸಿತ್ತು.

ನಾನು ಆಗ ಆ ಭಾಗದ ಸರ್ಕಾರಿ ಪಶು ಆಸ್ಪತ್ರೆಯ ವೈದ್ಯೆ. ನನ್ನ ಜೊತೆ ಒಬ್ಬ ಸಹಾಯಕರಿದ್ದರು, ನಿವೃತ್ತಿಗೆ ಹತ್ತಿರವಾದವರು. ನನಗಿಂತ ಹೆಚ್ಚು ದನ ನೋಡಿದವರು, ಮತ್ತು ಅದನ್ನು ದಿನಕ್ಕೆ ಎರಡು ಸಲವಾದರೂ ನನಗೆ ನೆನಪಿಸುವವರು. ಇಬ್ಬರೂ ಜೀಪಿನಲ್ಲಿ ಹೊರಟೆವು.

ನಾಲ್ಕು ಎಕರೆ ತೋಟದ ಮನೆ. ಗಂಡ ಹೆಂಡತಿ ಇಬ್ಬರೇ ದುಡಿಯುವವರು. ಮನೆಯ ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ, ಅದರ ತುಂಬ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಹರಡಿತ್ತು. ಕಣದ ಅಂಚಿನಲ್ಲಿ ಒಂದು ಸಣ್ಣ ಮಲೆನಾಡು ಗಿಡ್ಡ ತಳಿಯ ಹಸು ಮಲಗಿತ್ತು. ಕೆಂಪು ಬಣ್ಣ, ಹೆಸರೂ ಕೆಂಪಿ. ಮನೆಯಾಕೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಯಜಮಾನರು ಹತ್ತು ಮಾರು ದೂರದಲ್ಲಿ ನಿಂತಿದ್ದರು.

“ಹುಟ್ಟಿದ ವಾರಕ್ಕೇ ಇದರ ತಾಯಿ ಹೋಯ್ತು ಡಾಕ್ಟ್ರೇ. ಬಾಟ್ಲಿ ಹಾಲಲ್ಲಿ ಸಾಕಿದ್ದು ನಾನು. ಈಗ ಗಬ್ಬ, ಐದು ತಿಂಗಳು,” ಎಂದರು ಮನೆಯಾಕೆ. “ಉಳಿಯುತ್ತಾ?”

ನಾನು ಕಾಲು ಮುಟ್ಟಿದೆ. ಎಡ ಹಿಂಗಾಲು, ಮಂಡಿಗೂ ಹಿಮ್ಮಡಿಗೂ ನಡುವಿನ ಉದ್ದ ಮೂಳೆ. ಬೆರಳಿನಡಿ ಕಟಕಟ ಎಂದಿತು. ಎರಡು ತುಂಡು ಒಂದರ ಮೇಲೊಂದು ಉಜ್ಜುವ ಆ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಮೈಯಲ್ಲಿ ಕೆಲವು ಮೂಳೆಗಳು ಕಾವಲಿಗಿವೆ. ತಲೆಬುರುಡೆ ಮಿದುಳನ್ನು ಕಾಯುತ್ತದೆ, ಪಕ್ಕೆಲುಬು ಹೃದಯವನ್ನು, ಶ್ವಾಸಕೋಶವನ್ನು ಕಾಯುತ್ತದೆ. ಕಾಲಿನ ಮೂಳೆಯದು ಬೇರೆ ಕೆಲಸ. ಅದು ಭಾರ ಹೊರಬೇಕು, ಮಾಂಸಖಂಡ ಎಳೆದಾಗ ಸನ್ನೆಗೋಲಿನ ಹಾಗೆ ಎದ್ದು ಮೈಯನ್ನು ಮುಂದಕ್ಕೆ ನೂಕಬೇಕು. ಇಷ್ಟೆಲ್ಲ ದುಡಿಯುವ ಈ ಮೂಳೆಗೆ ಒಳಮಗ್ಗುಲಲ್ಲಿ ಕಾವಲೇ ಇಲ್ಲ, ಬರೀ ಚರ್ಮ. ಮುರಿದ ತುದಿ ಆ ಚರ್ಮವನ್ನು ಹರಿದು ಹೊರಬಂದರೆ ಕೊಳೆ ಒಳಗೆ ಹೋಗುತ್ತದೆ, ಆಮೇಲೆ ನಾವು ಮಾಡುವುದೇನೂ ಉಳಿಯುವುದಿಲ್ಲ.

ಇನ್ನೊಂದು ವಿಷಯವೂ ಬೆರಳಿಗೆ ತಿಳಿಯಿತು. ಕಾಲು ಸಿಕ್ಕಿಕೊಂಡು ಮೈ ತಿರುಗಿ ಬಿದ್ದರೆ ಮೂಳೆ ಸಾಮಾನ್ಯವಾಗಿ ತಿರುಚಿಕೊಂಡು ಓರೆಯಾಗಿ ಸೀಳುತ್ತದೆ. ಇದು ಅಡ್ಡಕ್ಕೆ ಮುರಿದಿತ್ತು. ಹೊರಮಗ್ಗುಲಲ್ಲಿ ಕೂದಲು ಉಜ್ಜಿಹೋದ ಒಂದು ನೇರ ಗೆರೆಯೂ ಇತ್ತು. ನಾನು ತಲೆಯೆತ್ತಿ ಸುತ್ತ ನೋಡಿದೆ. ಕಣದ ಗೋಡೆಗೆ ಕಾಫಿ ಎಳೆಯುವ ಉದ್ದ ಹಿಡಿಯ ಮರದ ಹಲಗೆ ಒರಗಿತ್ತು. ಹಿಡಿ ನಡುವಿಗೆ ಸೀಳಿತ್ತು. ಯಜಮಾನರು ನನ್ನ ಕಣ್ಣು ಹೋದ ಕಡೆ ನೋಡಿದರು, ಆಮೇಲೆ ನೆಲ ನೋಡಿದರು.

ಹೊಡೆದು ಮುರಿದ ಕಾಲು ಅದು. ಅನುಮಾನವೇ ಇರಲಿಲ್ಲ. ಆದರೆ ನಾನು ಬಾಯಿಬಿಡಲಿಲ್ಲ. ಮನೆಯಾಕೆ ಹಸುವಿನ ಕಿವಿ ಸವರುತ್ತಾ, “ಆ ಚರಂಡಿ ಮುಚ್ಚಿಸಿ ಅಂತ ಎಷ್ಟು ಸಲ ಹೇಳಿದೀನಿ ಇವ್ರಿಗೆ,” ಅನ್ನುತ್ತಿದ್ದರು. ನನ್ನ ಪುಸ್ತಕದಲ್ಲಿ ಕಾರಣ ಎಂಬಲ್ಲಿ ‘ಜಾರಿ ಬಿದ್ದು’ ಎಂದು ಬರೆದೆ. ಸಂಸಾರದ ಒಳಗೆ ಕೈಹಾಕುವುದು ನನ್ನ ಕೆಲಸವಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವೂ ಆಗಿತ್ತು.

ದೊಡ್ಡ ದನಕ್ಕೆ ಈ ಮೂಳೆ ಮುರಿದರೆ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡುವುದೇ ಹೆಚ್ಚು. ಅದನ್ನು ಹೇಳಿದಾಗ ಯಜಮಾನರು ಮೊದಲ ಸಲ ಹತ್ತಿರ ಬಂದರು. ಹಸು ಕಣ್ಣರಳಿಸಿ ತಲೆ ಕೊಡವಿತು. ಅವರು ಅಲ್ಲೇ ನಿಂತರು. “ಏನಾದ್ರೂ ಮಾಡಿ ಡಾಕ್ಟ್ರೇ. ಅದು ಸಾಯಬಾರದು. ಕೈ ಮುಗೀತೀನಿ.”

ಸಣ್ಣ ಹಸು, ಭಾರ ಕಡಿಮೆ, ಚರ್ಮ ಹರಿದಿಲ್ಲ. ಪ್ಲಾಸ್ಟರ್ ಹಾಕೋಣ ಎಂದೆ.

ನನ್ನ ಮೊದಲ ತಪ್ಪು ಅದು, ಗೊತ್ತಿದ್ದೂ ಮಾಡಿದ್ದು. ಮುರಿದ ಮೂಳೆಯ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಅಲುಗದಂತೆ ಕಟ್ಟಬೇಕು, ಆಗಲೇ ಮೂಳೆ ಕೂಡುವುದು. ದನದ ಮಂಡಿ ಹೊಟ್ಟೆಯ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಅಲ್ಲಿಗೆ ಪ್ಲಾಸ್ಟರ್ ಸರಿಯಾಗಿ ಏರುವುದಿಲ್ಲ. ತೊಡೆಸಂದಿಗೆ ಬಳೆ ಹಾಕಿ, ಕೆಳಗೆ ಗೊರಸಿನವರೆಗೆ ಸಲಾಕೆ ಇಳಿಸುವ ಕಬ್ಬಿಣದ ಚೌಕಟ್ಟು ಬೇಕು. ಅದಕ್ಕೆ ಅಳತೆ ತೆಗೆಯಬೇಕು, ವೆಲ್ಡಿಂಗ್ ಮಾಡಿಸಬೇಕು. ನನ್ನ ಕೈಯಲ್ಲಿ ಇದ್ದದ್ದು ಪ್ಲಾಸ್ಟರ್ ಪಟ್ಟಿ. ಮಾರನೇ ದಿನದಿಂದ ಕಳಸದ ಕಡೆ ಲಸಿಕೆ ಹಾಕುವ ಕೆಲಸಕ್ಕೆ ಹೋಗಬೇಕಿತ್ತು. ಇಷ್ಟು ಸಾಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಗಬ್ಬದ ಹಸುವಾದ್ದರಿಂದ ಮಂಪರಿನ ಮದ್ದನ್ನು ಹೆದರಿ ಹೆದರಿ ಕೊಟ್ಟೆ. ಹೆಚ್ಚಾದರೆ ಗರ್ಭಪಾತವಾಗಬಹುದು. ಬಾಲದ ಬುಡದಲ್ಲಿ ಮರಗಟ್ಟಿಸುವ ಮದ್ದು ಕೊಟ್ಟ ಮೇಲೆ ಸಹಾಯಕರು ಗೊರಸು ಹಿಡಿದು ಎಳೆದರು. ನಾನು ತುಂಡುಗಳನ್ನು ಒಂದಕ್ಕೊಂದು ಎದುರು ಕೂರಿಸಿದೆ. ಹತ್ತಿ ಸುತ್ತಿ, ಬಿದಿರಿನ ದಬ್ಬೆ ಇಟ್ಟು, ಪ್ಲಾಸ್ಟರ್ ಪಟ್ಟಿಯನ್ನು ತೊಡೆಯವರೆಗೆ ಏರಿಸಿದೆ. ಹೊರಡುವಾಗ ದೊಡ್ಡ ಡಾಕ್ಟರರ ಧಾಟಿಯಲ್ಲಿ ಹೇಳಿದೆ: “ಒಂದು ಹನಿ ನೀರು ತಾಗಬಾರದು. ಒಂದು ಹನಿ. ತಾಗಿದ್ರೆ ನನ್ನ ಕರೀಬೇಡಿ.”

ಅದು ಎರಡನೇ ತಪ್ಪು.

ನಾಲ್ಕನೇ ದಿನ ಅಕಾಲದ ಮಳೆ ಬಂತು. ನಾನು ಕಳಸದ ಆಚೆ ಯಾವುದೋ ಗುಡ್ಡದ ಮೇಲೆ, ಫೋನಿಗೆ ಸಿಗ್ನಲ್ ಇಲ್ಲದ ಜಾಗದಲ್ಲಿದ್ದೆ. ಮಳೆ ನೋಡಿ ಪ್ಲಾಸ್ಟರ್ ನೆನಪಾಯಿತು. ಕೊಟ್ಟಿಗೆಗೆ ಹೆಂಚಿದೆಯಲ್ಲ ಎಂದು ಮರೆತೆ.

ಎಂಟನೇ ದಿನ ಬಂದು ಕೊಟ್ಟಿಗೆಗೆ ಕಾಲಿಟ್ಟಾಗ ಮೊದಲು ಹಸು ಕಾಣಲಿಲ್ಲ. ನೀಲಿ ಟಾರ್ಪಲ್ ಕಂಡಿತು. ಕಣದ ಕಾಫಿಗೆ ಮುಚ್ಚುವ ಟಾರ್ಪಲ್ಲನ್ನೇ ನಾಲ್ಕು ಮೂಲೆಗೂ ಕಲ್ಲು ಹೇರಿ ಹಸುವಿನ ಹಿಂಭಾಗಕ್ಕೆ ಮುಚ್ಚಿದ್ದರು. ಅದರೊಳಗೆ ಕಾಲಿಗೆ ಬೇರೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿ ಹಗ್ಗ ಬಿಗಿದಿದ್ದರು. ಕಲ್ಲಿನಿಂದ ಕಲ್ಲಿಗೆ ಎಲ್ಲೂ ಗಾಳಿ ಆಡುವ ಸಂದಿಲ್ಲ. ಮಲೆನಾಡಿನ ಮನುಷ್ಯನಿಗೆ ನೀರು ತಾಗಬಾರದು ಎಂದರೆ ಮಾಡಲು ಗೊತ್ತಿರುವುದು ಅದೊಂದೇ, ಮತ್ತು ಅದನ್ನು ಅವರು ಬಹಳ ಚೆನ್ನಾಗಿ ಮಾಡಿದ್ದರು.

ನಾನು ಬಿಚ್ಚುವ ಮೊದಲೇ ಸಹಾಯಕರು ಮೂಗೆತ್ತಿ ಮೂಸಿದರು. “ಒಳಗೆ ಕಾವು ಎದ್ದಿದೆ ಮೇಡಮ್. ಹಸಿ ಕಾಫಿ ರಾಶಿ ಹಾಕಿ ಮುಚ್ಚಿದ್ರೆ ಬರುತ್ತಲ್ಲ, ಅದೇ ವಾಸನೆ.”

ಹೊರಗಿನ ನೀರು ಒಂದು ಹನಿಯೂ ಹೋಗಿರಲಿಲ್ಲ. ಒಳಗಿನ ಬೆವರು, ಗಂಜಲದ ಹಬೆ, ಎಲ್ಲ ಅಲ್ಲೇ ನಿಂತು ಪ್ಲಾಸ್ಟರ್ ನೆನೆದ ಹಿಟ್ಟಿನಂತೆ ಕೈಗೆ ಬಂತು. ಹತ್ತಿ ಕಪ್ಪಾಗಿತ್ತು. ಮೂಳೆಯ ತುದಿಗಳು ಜರುಗಿದ್ದವು. ಒಳಮಗ್ಗುಲಲ್ಲಿ, ನಾನು ಹೆದರಿದ್ದ ಜಾಗದಲ್ಲೇ, ಅಂಗೈ ಅಗಲದ ಹುಣ್ಣು, ಅದರಲ್ಲಿ ಹುಳ.

ನಾನು ಕಿರುಚಾಡಿದೆ. ಯಾರು ಮುಚ್ಚಿದ್ದು, ತಲೆ ಇದೆಯಾ, ಇದೇನು ದನವೋ ಕಾಫಿಯೋ ಎಂದೆ. ಯಜಮಾನರು ತಲೆ ಬಗ್ಗಿಸಿ ಕೇಳಿದರು. ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡರು. ನನ್ನ ಉಸಿರು ಮುಗಿದ ಮೇಲೆ ಸಹಾಯಕರು ಮೆಲ್ಲಗೆ ಹೇಳಿದರು: “ಒಂದು ಹನಿ ತಾಗಬಾರದು ಅಂದಿದ್ದು ನೀವೇ ಅಲ್ವಾ ಮಾರಾಯ್ರೆ. ಗಾಳಿ ಬೇಕು ಅಂತ ಎಲ್ಲಿ ಹೇಳಿದ್ರಿ?”

ಕೆನ್ನೆಗೆ ಹೊಡೆದಂತಾಯಿತು. ಸಿಟ್ಟು ಇಳಿದ ಮೇಲೆ ಉಳಿದದ್ದು ನಾಚಿಕೆ.

ಜೀಪಿಗೆ ಹೋಗಿ ಆ ಇಂಜೆಕ್ಷನ್ ತುಂಬಿಸಿದೆ. ಸಿರಿಂಜು ಕೈಯಲ್ಲಿ ಹಿಡಿದು ಬರುವಾಗ ಯಜಮಾನರು ಕಣದ ಪಕ್ಕ ಅಡ್ಡ ನಿಂತರು. ಹೆಂಡತಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದರು.

“ಅದು ಜಾರಿಲ್ಲ ಡಾಕ್ಟ್ರೇ.”

“ಗೊತ್ತು.”

“ಪಾರ್ಚ್‌ಮೆಂಟ್ ಮೇಲೆ ನುಗ್ಗಿ ಸೆಗಣಿ ಹಾಕ್ಬಿಡ್ತು. ಕೈಲಿ ಹಲಗೆ ಇತ್ತು. ಒಂದೇ ಏಟು. ಹೊಡೆದ ಮೇಲೇ ಗೊತ್ತಾಗಿದ್ದು ಹೊಡೆದೆ ಅಂತ.” ಅವರ ತುಟಿ ಒಣಗಿತ್ತು. “ಅವಳಿಗೆ ಹೇಳಕ್ಕಾಗಲ್ಲ. ಅದು ಸತ್ರೆ ನಾನು ಆ ಮನೆಯೊಳಗೆ ಹೆಂಗೆ ಊಟ ಮಾಡ್ಲಿ?”

ಹಸುವನ್ನು ಕೊಲ್ಲುತ್ತಿರುವುದು ಅವರ ಏಟಲ್ಲ, ನನ್ನ ಪ್ಲಾಸ್ಟರ್ ಎಂದು ನನಗೆ ಅನ್ನಿಸಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

ಸಹಾಯಕರು ಅಷ್ಟರಲ್ಲಿ ಹುಳ ತೆಗೆದು ಹುಣ್ಣು ತೊಳೆದಿದ್ದರು. ನನ್ನ ಕೈಯ ಸಿರಿಂಜು ನೋಡಿ ಅಂದರು: “ಕಾವು ಎದ್ದ ಕಾಫಿನ ಯಾರೂ ಎಸೆಯಲ್ಲ ಮೇಡಮ್. ಹರಡ್ತಾರೆ. ಬಿಸಿಲು ಗಾಳಿ ಕಾಣಿಸ್ತಾರೆ. ಅರ್ಧ ಆದ್ರೂ ಉಳಿಯುತ್ತೆ.”

ಸಿರಿಂಜನ್ನು ಕೊಟ್ಟಿಗೆ ಗೋಡೆಯ ಗೂಡಿನಲ್ಲಿಟ್ಟೆ. ಆಳ ಅಳೆಯುವ ತೆಳು ಸಲಾಕೆಯನ್ನು ಹುಣ್ಣಿನೊಳಗೆ ಬಿಟ್ಟು ನೋಡೋಣ, ಮೂಳೆಗೆ ತಾಗಿ ಟಕ್ ಎಂದರೆ ಇಂಜೆಕ್ಷನ್, ತಾಗದಿದ್ದರೆ ಇನ್ನೊಂದು ಪ್ರಯತ್ನ ಎಂದು ನಿರ್ಧರಿಸಿದೆ. ಸಲಾಕೆಯನ್ನು ಮೆಲ್ಲಗೆ ಇಳಿಸಿದೆ. ಅದು ಮೆತ್ತಗೆ ನಿಂತಿತು. ಇನ್ನೂ ಸ್ವಲ್ಪ ಒತ್ತಿದೆ. ಮೆತ್ತಗೇ ಇತ್ತು. ಮೂಳೆಯ ಮೇಲೆ ಇನ್ನೂ ತೆಳುವಾದ ಒಂದು ಪದರ ಉಳಿದಿತ್ತು.

ಪ್ಲಾಸ್ಟರ್ ಇಲ್ಲದೆ ಕಾಲನ್ನು ಗಾಳಿಗೆ ಬಿಡಬೇಕು, ಆದರೆ ಅಲುಗಿಸಬಾರದು. ಮೊದಲ ದಿನವೇ ಮಾಡಬೇಕಿದ್ದ ಕಬ್ಬಿಣದ ಚೌಕಟ್ಟೊಂದೇ ಈಗ ದಾರಿ. ಹಗ್ಗದಲ್ಲಿ ಬಲಗಾಲಿನ ಅಳತೆ ತೆಗೆದು, ಗಂಟು ಹಾಕಿ, ಗೇಟು ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಚಿತ್ರ ನೋಡಿ, “ಇದು ಎಂಥದು ಮೇಡಮ್, ಯಾರ ಮನೆ ಗೇಟು?” ಅಂದ. ದನದ ಕಾಲು ಅಂದಾಗ ನಗುವುದನ್ನು ನಿಲ್ಲಿಸಿ ತನ್ನ ಕೈಯಾರೆ ಸಲಾಕೆ ಆರಿಸಿದ.

ಮೇಲೊಂದು ಬಳೆ, ತೊಡೆಯ ಬುಡಕ್ಕೆ ಕೂರುವಂಥದ್ದು. ಬಳೆಯಿಂದ ಕಾಲಿನ ಎರಡು ಕಡೆ ಎರಡು ಸಲಾಕೆ, ಗೊರಸಿಗಿಂತ ನಾಲ್ಕು ಬೆರಳು ಕೆಳಗೆ ಒಂದು ಅಡ್ಡಪಟ್ಟಿ. ಹಸು ನಿಂತಾಗ ಸೊಂಟದ ಭಾರ ಬಳೆಗೆ ಬಂದು, ಸಲಾಕೆಯಲ್ಲಿಳಿದು ನೆಲ ಸೇರುತ್ತದೆ. ಮುರಿದ ಮೂಳೆ ನಡುವೆ ಸುಮ್ಮನೆ ತೂಗಿಕೊಂಡಿರುತ್ತದೆ. ಸಹಾಯಕರು ಇದನ್ನು ಯಜಮಾನರಿಗೆ ಒಂದೇ ಮಾತಿನಲ್ಲಿ ತಿಳಿಸಿದರು: “ಗದ್ದೆ ಏಡಿಗೆ ಮೂಳೆ ಹೊರಗೇ ಇರುತ್ತಲ್ಲ, ಹಂಗೆ ಇದಕ್ಕೂ ಎರಡು ತಿಂಗಳು.”

ಮೊದಲ ಚೌಕಟ್ಟು ಆಗಿಬರಲಿಲ್ಲ. ಬಳೆಯನ್ನು ನೇರಕ್ಕೆ ಬೆಸುಗೆ ಹಾಕಿಸಿದ್ದೆ, ಅದು ಕೆಚ್ಚಲಿನ ಪಕ್ಕಕ್ಕೆ ಒತ್ತಿ ಹಸು ನರಳಿತು. ಬಿಚ್ಚಿ, ಮತ್ತೆ ಅಂಗಡಿಗೆ ಹೋಗಿ, ಹೊರಮಗ್ಗುಲು ಎತ್ತರ ಒಳಮಗ್ಗುಲು ತಗ್ಗಾಗುವಂತೆ ಬಳೆಯನ್ನು ಓರೆ ಮಾಡಿಸಿದೆ. ಗೋಣಿತಾಟು, ಹತ್ತಿ, ಅದರ ಮೇಲೆ ಹಳೇ ಸೈಕಲ್ ಟ್ಯೂಬು ಸುತ್ತಿದೆ. ಗೊರಸಿನ ಅಂಚಿಗೆ ಸಣ್ಣ ತೂತು ಕೊರೆದು, ತಂತಿ ಪೋಣಿಸಿ, ಅಡ್ಡಪಟ್ಟಿಗೆ ಎಳೆದು ಬಿಗಿದೆ. ಕಾಲು ನೆಟ್ಟಗಾಯಿತು. ಅಗಲವಾದ ಪಟ್ಟಿಗಳಲ್ಲಿ ಕಾಲನ್ನು ಸಲಾಕೆಗಳಿಗೆ ಕಟ್ಟಿ, ಹುಣ್ಣಿರುವ ಜಾಗವನ್ನು ಮಾತ್ರ ತೆರೆದು ಬಿಟ್ಟೆ. ನಾಲ್ಕು ಜನ ಹೊಟ್ಟೆಯಡಿ ಗೋಣಿ ಹಾಕಿ ಎತ್ತಿದರು. ಕೆಂಪಿ ನಿಂತಿತು, ಒಂದು ಕಾಲು ಗೇಟಿನೊಳಗೆ ಸಿಕ್ಕಿಕೊಂಡ ಹಾಗೆ.

ಮುಂದಿನ ಎರಡು ತಿಂಗಳನ್ನು ನಾನು ನೆಮ್ಮದಿಯಿಂದ ಕಳೆಯಲಿಲ್ಲ. ಎರಡು ದಿನಕ್ಕೊಮ್ಮೆ ಹೋಗುತ್ತಿದ್ದೆ. ಪ್ರತಿ ಸಲವೂ ಜೀಪಿನಿಂದ ಇಳಿದೊಡನೆ ವಾಸನೆ ಬರುತ್ತದೋ ಎಂದು ಮೊದಲು ಮೂಗಿಗೆ ಕೆಲಸ. ಒಂದು ವಾರ ಜ್ವರ ಬಂತು, ಮೇವು ಬಿಟ್ಟಿತು, ಆಸೆ ಬಿಟ್ಟೆ. ಇನ್ನೊಂದು ವಾರ ತಂತಿ ಕಿತ್ತು ಗೊರಸು ಸೀಳಿತು, ಮತ್ತೆ ಆಸೆ ಬಿಟ್ಟೆ. ಮನೆಯಾಕೆ ದಿನಾ ಹೊತ್ತೇರಿದ ಮೇಲೆ ಹುಣ್ಣಿಗೆ ಬಿಸಿಲು ಕಾಣಿಸುತ್ತಿದ್ದರು. ಮಗ್ಗುಲು ಬದಲಿಸಿ, ಒಣ ಎಲೆಯ ದರಗು ಹಾಸಿ, ಬೂಸಾದ ಜೊತೆ ನಾನು ಕೊಟ್ಟ ಸುಣ್ಣದಂಶದ ಪುಡಿ ಕಲಸಿ ತಿನ್ನಿಸುತ್ತಿದ್ದರು. ಹೊಟ್ಟೆಯೊಳಗಿನ ಕರುವೂ ತನ್ನ ಮೂಳೆಗೆ ಬೇಕಾದ್ದನ್ನು ಅದೇ ತಾಯಿಯಿಂದ ತೆಗೆದುಕೊಳ್ಳುತ್ತಿತ್ತು.

ಯಜಮಾನರು ಮೇವು ಕುಯ್ದು ತಂದು ಕೊಟ್ಟಿಗೆಯ ಬಾಗಿಲಲ್ಲಿ ಹಾಕಿ ಹೋಗುತ್ತಿದ್ದರು. ಒಳಗೆ ಬಂದರೆ ಹಸು ಗೋಡೆಗೆ ಒತ್ತಿಕೊಳ್ಳುತ್ತಿತ್ತು. “ಕಬ್ಬಿಣ ಹಾಕಿದಾಗಿಂದ ಗಂಡಸರನ್ನ ಕಂಡ್ರೆ ಹೆದರುತ್ತೆ ಇದು,” ಎನ್ನುತ್ತಿದ್ದರು ಮನೆಯಾಕೆ. ನನ್ನ ಸಹಾಯಕರು ಒಳಗೆ ಹೋದರೆ ಅದು ಅವರ ಕೈ ನೆಕ್ಕುತ್ತಿತ್ತು. ಆಕೆ ಅದನ್ನು ಗಮನಿಸಿದ್ದರೋ ಇಲ್ಲವೋ ನನಗೆ ತಿಳಿಯದು. ನಾನು ಗಮನಿಸಿದ್ದೆ, ಸುಮ್ಮನಿದ್ದೆ.

ಮಾರ್ಚ್ ಕೊನೆಗೆ ಮುರಿದ ಜಾಗದಲ್ಲಿ ಗಟ್ಟಿಯಾದ ಗಂಟು ಬೆರಳಿಗೆ ಸಿಕ್ಕಿತು. ಒತ್ತಿದರೆ ಅಲುಗಲಿಲ್ಲ. ಚೌಕಟ್ಟು ಬಿಚ್ಚಿದೆ.

ಕೆಂಪಿ ಕಾಲು ಊರಲಿಲ್ಲ.

ಮೂಳೆ ಕೂಡಿದ ಮಾತ್ರಕ್ಕೆ ಮುಗಿಯಲಿಲ್ಲ. ಎರಡು ತಿಂಗಳು ಮಡಿಸದ ಕೀಲು ಬಿಗಿದಿತ್ತು, ತೊಡೆಯ ಮಾಂಸ ಕರಗಿತ್ತು. ಎಣ್ಣೆ ಹಚ್ಚಿ ತಿಕ್ಕಿಸಿದೆ, ಗೊರಸು ಹಿಡಿದು ಮಡಿಸಿ ಬಿಡಿಸುವುದನ್ನು ಮನೆಯಾಕೆಗೆ ಕಲಿಸಿದೆ. ಒಂದು ದಿನ, ಎರಡು ದಿನ, ಐದು ದಿನ. ಮೂರು ಕಾಲಿನಲ್ಲಿ ಕುಂಟಿ, ನಾಲ್ಕನೆಯದನ್ನು ಎತ್ತಿಕೊಂಡು ನಿಲ್ಲುತ್ತಿತ್ತು. ಹೊಟ್ಟೆ ದಿನೇ ದಿನೇ ದೊಡ್ಡದಾಗುತ್ತಿತ್ತು. ಮೂರೇ ಕಾಲಿನಲ್ಲಿ ಆ ಭಾರ ಹೊತ್ತರೆ ಕರು ಹಾಕುವ ಮೊದಲೇ ಬಿದ್ದು ಏಳಲಾರದೆ ಸಾಯುತ್ತದೆ. ಆರನೇ ದಿನ ಜೀಪಿನಲ್ಲಿ ಬರುವಾಗ ಸಹಾಯಕರಿಗೆ ಹೇಳಿದೆ, “ಇವತ್ತೂ ಊರದಿದ್ರೆ ಇಂಜೆಕ್ಷನ್ ಕೊಟ್ಟುಬಿಡೋಣ ಅಂತ ನಾನೇ ಅವರಿಗೆ ಹೇಳ್ತೀನಿ.”

ಮಧ್ಯಾಹ್ನ. ಕಣದಲ್ಲಿ ಕಾಳುಮೆಣಸು ಒಣಗುತ್ತಿತ್ತು. ಕಣದ ಅಂಚಿನಲ್ಲೇ ಹಸುವನ್ನು ಬಿಚ್ಚಿ ನಿಲ್ಲಿಸಿದ್ದೆವು. ಮನೆಯಾಕೆ ಮುಂದೆ ನಿಂತು ಬಾಳೆಹಣ್ಣು ತೋರಿಸಿ ಕರೆಯುತ್ತಿದ್ದರು. ನಾನು ಹಿಂದೆ ಕುಕ್ಕರಗಾಲಿನಲ್ಲಿ ಕೂತು ಆ ಕಾಲನ್ನೇ ನೋಡುತ್ತಿದ್ದೆ. ಗೊರಸಿನ ತುದಿ ನೆಲಕ್ಕೆ ತಾಗುತ್ತಿತ್ತು, ಭಾರ ಬೀಳುತ್ತಿರಲಿಲ್ಲ.

ಪಶ್ಚಿಮದಲ್ಲಿ ಗುಡುಗಿತು. ಮಳೆಯ ಗಾಳಿ ಬೀಸಿತು. ತೋಟದ ಕಡೆಯಿಂದ ಯಜಮಾನರು ಓಡಿಬಂದರು. ಮೆಣಸು ಬಾಚಬೇಕಿತ್ತು, ಅಷ್ಟೇ ಅವರ ತಲೆಯಲ್ಲಿದ್ದದ್ದು. ಮೋಡ ಕಂಡ ನಮ್ಮ ಕಡೆಯ ಯಾವ ಮನುಷ್ಯನಾದರೂ ಮಾಡುವುದನ್ನೇ ಅವರೂ ಮಾಡಿದರು. ಗೋಡೆಗೊರಗಿದ್ದ ಹಲಗೆಯನ್ನು ಕೈಗೆತ್ತಿಕೊಂಡರು. ಹಿಡಿ ಹೊಸದು, ಹಲಗೆ ಅದೇ.

ಕೆಂಪಿ ನೋಡಿತು. ಒಂದು ಸಲ ಬುಸುಗುಟ್ಟಿತು. ಆಮೇಲೆ ತಿರುಗಿ ಓಡಿತು. ಕುಂಟುತ್ತಾ ಹೌದು, ಆದರೆ ನಾಲ್ಕೂ ಕಾಲಿನಲ್ಲಿ. ಎಡ ಹಿಂಗಾಲು ನೆಲಕ್ಕೆ ಬಿತ್ತು, ಮೈಯ ಭಾರ ಹೊತ್ತಿತು, ನೂಕಿತು, ಮತ್ತೆ ಬಿತ್ತು. ಕಣ ದಾಟಿ, ಕಡಿದ ಮಣ್ಣಿನ ದರೆಯ ಪಕ್ಕ ಇಳಿದು, ಕಾಫಿ ಗಿಡಗಳ ನಡುವೆ ನುಗ್ಗಿತು.

“ಊರ್ತು!” ನಾನು ಎದ್ದು ಕೂಗಿದೆ. ಸಹಾಯಕರ ಭುಜ ಹಿಡಿದು ಅಲ್ಲಾಡಿಸಿದೆ. “ನೋಡಿದ್ರಾ, ಊರ್ತು!” ಕಣ್ಣಲ್ಲಿ ನೀರು ಬಂದಿತ್ತು.

ಅವರು ನಗಲಿಲ್ಲ. ಅವರು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಮನೆಯಾಕೆ ಬಾಳೆಹಣ್ಣು ಹಿಡಿದು ಹಾಗೇ ನಿಂತಿದ್ದರು. ಅವರ ಕಣ್ಣು ಓಡಿಹೋದ ಹಸುವಿನ ಮೇಲಿಂದ ಗಂಡನ ಕೈಗೆ, ಕೈಯಿಂದ ಹಲಗೆಗೆ, ಹಲಗೆಯ ಹೊಸ ಹಿಡಿಗೆ ಬಂತು. ಯಜಮಾನರು ಹಲಗೆ ಕೆಳಗೆ ಹಾಕಿದರು. ಹಾಕಿದ್ದು ತಡವಾಗಿತ್ತು.

ಆಕೆ ಗಂಡನನ್ನು ಬಿಟ್ಟು ನನ್ನ ಕಡೆ ತಿರುಗಿದರು. “ನಿಮಗೂ ಗೊತ್ತಿತ್ತಾ ಡಾಕ್ಟ್ರೇ?”

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. “ಮೊದಲ ದಿನಾನೇ ಗೊತ್ತಾಯ್ತು ಅಮ್ಮ.”

ಆಕೆ ತಲೆಯಾಡಿಸಿದರು. ಎರಡು ತಿಂಗಳಲ್ಲಿ ನನಗೆ ಕಾಫಿ ಕೊಡದೆ ಕಳಿಸಿದವರಲ್ಲ ಆಕೆ. ಅವತ್ತು ಒಳಗೆ ಬನ್ನಿ ಎನ್ನಲಿಲ್ಲ. ಮಳೆಯ ದಪ್ಪ ಹನಿಗಳು ಬೀಳತೊಡಗಿದವು. ಮೆಣಸು ನೆನೆಯುತ್ತಿತ್ತು, ಯಾರೂ ಅದರ ಕಡೆ ನೋಡಲಿಲ್ಲ. ಯಜಮಾನರು ಅಭ್ಯಾಸಬಲದಿಂದ ಟಾರ್ಪಲ್ಲಿಗೆ ಕೈ ಚಾಚಿದರು.

“ಅದು ಇರಲಿ,” ಎಂದರು ಮನೆಯಾಕೆ. ಕೈಯಲ್ಲಿದ್ದ ಬಾಳೆಹಣ್ಣನ್ನೂ ಕೊಡಲಿಲ್ಲ. “ಹೋಗಿ, ಅವಳನ್ನ ಕರ್ಕೊಂಡು ಬನ್ನಿ. ಬರಿಗೈಲಿ ಹೋಗಿ.”

ಅವರು ಹೋದರು. ಕಾಫಿ ಗಿಡಗಳ ನಡುವೆ ಕೆಂಪಿ ನಿಂತಿತ್ತು, ನಾಲ್ಕೂ ಕಾಲು ನೆಲದ ಮೇಲೆ. ಇವರು ಒಂದು ಹೆಜ್ಜೆ ಇಟ್ಟರೆ ಅದು ಎರಡು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಕೊನೆಗೆ ಅವರು ಮಳೆಯಲ್ಲೇ ಒದ್ದೆ ದರಗಿನ ಮೇಲೆ ಕೂತು, ಎರಡೂ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡರು.

ನಮ್ಮ ಜೀಪು ತಿರುಗುವವರೆಗೂ ಅವರು ಹಾಗೇ ಕೂತಿದ್ದರು. ಹಸು ಇನ್ನೂ ಹತ್ತಿರ ಬಂದಿರಲಿಲ್ಲ.